ಪಟ್ಟದ ಗೊಂಬೆಯ ಪಕ್ಕದ ಯಂತ್ರ

ಗುರುತಿಲ್ಲದ ಗುಂಡಿಯೊಂದು ಕಣ್ಣಿಗೆ ಬಿದ್ದರೆ ಕೆಲವರು ಕೂಡಲೇ ಅದನ್ನು ಒತ್ತಿಬಿಡುತ್ತಾರೆ. ಇನ್ನು ಕೆಲವರು ದೂರ ನಿಂತು ನೋಡುತ್ತಾರೆ, ಗಲ್ಲ ಕೆರೆದುಕೊಳ್ಳುತ್ತಾರೆ, ಅದು ಏನಿರಬಹುದು ಎಂದು ಒಂದು ಸಿದ್ಧಾಂತ ಕಟ್ಟುತ್ತಾರೆ, ಆಮೇಲೆ ಆ ಸಿದ್ಧಾಂತದ ಪ್ರಕಾರ ಒತ್ತಿ ತಲೆಯ ಮೇಲೆ ತಣ್ಣೀರು ಸುರಿಸಿಕೊಳ್ಳುತ್ತಾರೆ. ನಾನು ಎರಡನೆಯ ಗುಂಪಿನವನು. ತಣ್ಣೀರಿನ ಮಾತನ್ನು ಅಲಂಕಾರಕ್ಕೆ ಹೇಳಿದ್ದಲ್ಲ. ಸೋದರಮಾವನ ಮಗಳ ಮದುವೆಗೆ ಹೋದಾಗ ಇಳಿದುಕೊಂಡಿದ್ದ, ಬಿಸಿನೀರೇ ಬರದ ಹೋಟೆಲಿನ ಬಚ್ಚಲಿನಲ್ಲಿ, ನಲ್ಲಿಯ ಮೇಲಿನ ಕೆಂಪು ಚುಕ್ಕೆ ಎಂದರೆ 'ಬಂದ್' ಇರಬೇಕು ಎಂದು ತರ್ಕಿಸಿ, ರೇಷ್ಮೆ ಪಂಚೆ ಉಟ್ಟುಕೊಂಡೇ ಅದನ್ನು ಪರೀಕ್ಷೆ ಮಾಡಿದವನು ನಾನು. ನನ್ನ ಕಸುಬೂ ಅಂಥದ್ದೇ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಮುಂದೇನಾಗುತ್ತದೆ ಎಂದು ಊಹಿಸುವುದು ನಮ್ಮ ಶಾಸ್ತ್ರದ ಮೊದಲ ಭಾಗ, ಹಾಗೆ ಆಗದೆ ಹೋದದ್ದಕ್ಕೆ ಕಾರಣ ಕೊಡುವುದು ಎರಡನೆಯ ಭಾಗ. ಎರಡನೆಯದರಲ್ಲಿ ನನಗೆ ಒಳ್ಳೆಯ ಹೆಸರಿದೆ.

ನನಗಿರುವ ಒಂದೇ ಚಟ ಮಾಡ್ಯುಲರ್ ಸಿಂಥಸೈಜರ್. ಹೆಸರು ಕೇಳಿ ಗಾಬರಿಯಾಗಬೇಡಿ. ಹಾರ್ಮೋನಿಯಂ ಆದರೆ ಅಂಗಡಿಯಿಂದ ಬರುವಾಗಲೇ ಪೂರ್ತಿಯಾಗಿ ಬರುತ್ತದೆ. ಇದು ಹಾಗಲ್ಲ. ಸ್ವರ ಹುಟ್ಟಿಸುವುದು ಒಂದು ತುಂಡು, ಅದನ್ನು ನುಣುಪು ಮಾಡುವುದು ಇನ್ನೊಂದು ತುಂಡು, ನಡುಗಿಸುವುದು ಮತ್ತೊಂದು. ಈ ತುಂಡಿಗೆ ಮಾಡ್ಯೂಲ್ ಎಂದು ಹೆಸರು. ಬೇಕಾದ್ದನ್ನು ಬಿಡಿಬಿಡಿಯಾಗಿ ತರಿಸಿ, ಪೆಟ್ಟಿಗೆಯೊಂದರಲ್ಲಿ ಸ್ಕ್ರೂ ಹಾಕಿ ಕೂರಿಸಿ, ಇದರ ತೂತಿನಿಂದ ಅದರ ತೂತಿಗೆ ಬಣ್ಣಬಣ್ಣದ ವೈರು ಎಳೆದರೆ ನಾದ ಬರುತ್ತದೆ. ಬರಲೇಬೇಕೆಂದೇನೂ ಇಲ್ಲ. ನನ್ನ ಪೆಟ್ಟಿಗೆಯಿಂದ ಇದುವರೆಗೆ ಹೆಚ್ಚಾಗಿ ಬಂದಿರುವುದು ಮಿಕ್ಸಿ ಸಿಕ್ಕಿಹಾಕಿಕೊಂಡಾಗ ಬರುವ ಶಬ್ದ. ನಾನು ಕೋಣೆಯಲ್ಲಿ ಮೈಮರೆತು ಕೂತಿದ್ದರೆ ಅಮ್ಮ ನಡುಮನೆಯಿಂದ "ಶೀನ, ಚಟ್ನಿ ಆಯ್ತೇನೋ?" ಎಂದು ಕೇಳುತ್ತಾಳೆ. ಅವಳು ತಮಾಷೆಗೆ ಕೇಳುತ್ತಾಳೋ ನಿಜವಾಗಿ ಕೇಳುತ್ತಾಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಈ ಸಲ ಈ ಚಟಕ್ಕೆ ಘನವಾದ ಕಾರಣವೊಂದು ಸಿಕ್ಕಿತ್ತು. ನನ್ನ ಹೆಂಡತಿ ವಸುಧಾ ಹಾಡುಗಾರ್ತಿ. ಹೋದ ವರ್ಷ ಅವಳ ಗಂಟಲಲ್ಲಿ ಗಂಟು ಕಾಣಿಸಿಕೊಂಡು ಆಪರೇಷನ್ ಆಯಿತು. ಆಮೇಲೆ ಬಹಳ ದಿನ ಮಾತೂ ಆಡಬಾರದು ಎಂದು ಡಾಕ್ಟರು ಹೇಳಿದ್ದರು. ಹೆಂಡತಿ ಬಾಯಿ ಮುಚ್ಚಿಕೊಂಡಿದ್ದರೆ ಗಂಡನಿಗೆ ಹಬ್ಬ ಎಂದು ತಮಾಷೆ ಮಾಡುವವರು ಇದ್ದಾರೆ. ಅಂಥವರು ಆಗ ಚಾಮರಾಜಪುರಂನ ನಮ್ಮ ಮನೆಗೆ ಬಂದು ಒಂದು ಸಂಜೆ ಕೂತಿರಬೇಕಿತ್ತು. ಸ್ನಾನದ ಮನೆಯಿಂದಲೂ ಒಂದು ಗುನುಗು ಕೇಳದ ಆ ಮನೆಯಲ್ಲಿ ನಾನು ಬೇಕೆಂದೇ ಲೋಟ ಬೀಳಿಸುತ್ತಿದ್ದೆ. ಕೊನೆಗೂ ದನಿ ಮರಳಿ ಬಂತು. ಆದರೆ ಮೊದಲು ಐದೂವರೆ ಶ್ರುತಿಯಲ್ಲಿ ಹಾಡುತ್ತಿದ್ದವಳು ನಾಲ್ಕೂವರೆಗೆ ಇಳಿದಿದ್ದಳು. ವಿಜಯದಶಮಿಯ ಸಂಜೆ ನಮ್ಮ ಬೀದಿಯ ಕೊನೆಯ ಭಜನಾ ಮಂದಿರದಲ್ಲಿ ಹಾಡುವುದಕ್ಕೆ ಒಪ್ಪಿಕೊಂಡಿದ್ದಳು. ಆಪರೇಷನ್ ಆದ ಮೇಲೆ ಅದೇ ಮೊದಲ ಕಚೇರಿ. ಒಂದು ದಿನ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ, "ಮೇಲಿನ ಷಡ್ಜ ಬರದೇ ಹೋದ್ರೆ ಏನ್ರೀ ಮಾಡ್ಲಿ?" ಎಂದಳು. ಉತ್ತರ ತಿಳಿಯದಾಗ ನಾನು ಏನಾದರೂ ಆರ್ಡರ್ ಮಾಡುತ್ತೇನೆ.

ಅವಳ ಹಳೆಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯ ದನಿ ನನಗೆ ಎಂದೂ ಹಿಡಿಸಿರಲಿಲ್ಲ. ಅದು ಫ್ರಿಜ್ಜಿನ ಹಿಂಭಾಗದ ದನಿ ಎಂದು ಅವಳಿಗೆ ಎಷ್ಟೋ ಸಲ ಹೇಳಿದ್ದೆ. ಅವಳ ಹೊಸ ದನಿಗೆ ಮೆತ್ತಗೆ ಒರಗಲು ಒಂದು ಹೊಸ ಶ್ರುತಿ ಬೇಕು, ಅದನ್ನು ನಾನು ನನ್ನ ಪೆಟ್ಟಿಗೆಯಲ್ಲಿ ತಯಾರಿಸಿ, ವೇದಿಕೆಯ ಮೇಲೆ ಅವಳ ಹಿಂದೆ ಕೂತು ಕೊಡುತ್ತೇನೆ ಎಂದೆ. "ಆಯ್ತು, ನೋಡೋಣ" ಎಂದಳು. ಅವಳ 'ನೋಡೋಣ'ಕ್ಕೆ ಅರ್ಥವೇನೆಂದು ಮದುವೆಯಾದಾಗಿನಿಂದ ನನಗೆ ಗೊತ್ತು. ಆದರೂ ಯಾವುದೋ ಚಳಿಯ ದೇಶದಲ್ಲಿ ಒಬ್ಬನೇ ಕೂತು ಕೈಯಿಂದ ಮಾಡ್ಯೂಲ್ ಮಾಡುವ ಒಬ್ಬ ಮನುಷ್ಯನಿಗೆ ಬರೆದು, ಶ್ರುತಿಗೆ ಹೇಳಿ ಮಾಡಿಸಿದಂತಿದ್ದ ಒಂದನ್ನು ತರಿಸಿದೆ.

ಅದು ತಡವಾಗಿ, ಸರಸ್ವತಿ ಪೂಜೆಯ ದಿನ ಬಂತು. ನಾನು ಮೌಲ್ಯಮಾಪನಕ್ಕೆ ಹೋಗಿದ್ದೆ. ಸಂಜೆ ಮನೆಗೆ ಬಂದು ನೋಡಿದರೆ ಪಾರ್ಸಲಿನ ರಟ್ಟು ಮಾತ್ರ ಬಾಗಿಲ ಹಿಂದೆ ಇದೆ. ನಡುಮನೆಯಲ್ಲಿ ದಸರೆಯ ಗೊಂಬೆ ಕೂರಿಸಿದ್ದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ಅವರ ಪಕ್ಕದಲ್ಲಿ ಪೂಜೆಗಿಟ್ಟ ಪುಸ್ತಕಗಳು, ವಸುವಿನ ಹಳೆಯ ಶ್ರುತಿಪೆಟ್ಟಿಗೆ, ಅದಕ್ಕೆ ಆನಿಸಿ, ಸೇವಂತಿಗೆ ಮುಡಿದುಕೊಂಡು, ಆಸ್ಥಾನಕ್ಕೆ ಹೊಸದಾಗಿ ಬಂದ ದಿವಾನರಂತೆ ನಿಂತಿತ್ತು ನನ್ನ ಮಾಡ್ಯೂಲ್. ನಾನು ಕೈ ಚಾಚಿದೆ.

"ಮುಟ್ಟಬೇಡ" ಎಂದಳು ಅಮ್ಮ.

"ಅಮ್ಮ, ಅದನ್ನ ಪೆಟ್ಟಿಗೆಗೆ ಹಾಕಿ ಪರೀಕ್ಷೆ ಮಾಡಬೇಕು. ವಿಜಯದಶಮಿಗೆ ಕಚೇರಿ."

"ಪೂಜೆ ಆಗಿದೆ ಕಣೋ. ವಾದ್ಯ ಅಂದ್ಮೇಲೆ ಸರಸ್ವತಿ. ವಿಸರ್ಜನೆ ಆಗೋವರ್ಗೂ ಮುಟ್ಟೋ ಹಾಗಿಲ್ಲ. ಹಾಡೋಳ ಗಂಟಲು ಅದು, ನೆನಪಿಟ್ಕೋ."

ನನಗೆ ದೇವರ ಭಯ ಅಷ್ಟಕ್ಕಷ್ಟೆ. ಕ್ಲಾಸಿನಲ್ಲಿ ಮೂಢನಂಬಿಕೆಯ ಬಗ್ಗೆ ಭಾಷಣವನ್ನೂ ಮಾಡಿದ್ದೇನೆ. ಆದರೆ ಅಮ್ಮ ಆ ಕೊನೆಯ ಮಾತು ಹೇಳಿದ ಮೇಲೆ ನನ್ನ ಕೈ ತಾನಾಗಿ ಕೆಳಗಿಳಿಯಿತು. ವಸುವಿನ ಗಂಟಲಿನ ವಿಷಯದಲ್ಲಿ ಪಂಥ ಕಟ್ಟುವಷ್ಟು ವಿಚಾರವಾದಿ ನಾನಲ್ಲ. ಹೀಗಾಗಿ ಹಬ್ಬದ ಆ ದಿನಗಳಲ್ಲಿ ನನಗೆ ಉಳಿದ ಕೆಲಸ ಒಂದೇ. ಮುಟ್ಟದೆ, ತಿರುಗಿಸದೆ, ಚಾಪೆಯ ಮೇಲೆ ಕೂತು ಕತ್ತೆತ್ತಿ ಆ ಯಂತ್ರವನ್ನು ನೋಡುತ್ತಾ, ಅದರ ಯಾವ ನಾಬ್ ಏನು ಮಾಡುತ್ತದೆ ಎಂದು ಊಹಿಸುವುದು.

ಊಹೆ ಸುಲಭವಾಗಿರಲಿಲ್ಲ. ಅಂಗೈಯಗಲದ ಕಪ್ಪು ತಗಡು, ಅದರ ಮೇಲೆ ನಾಲ್ಕು ನಾಬು, ಒಂದು ಪುಟ್ಟ ದೀಪ, ಕೆಳಗೆ ಸಾಲು ತೂತುಗಳು. ಒಂದಕ್ಷರ ಬರಹವಿಲ್ಲ. ಒಂದೊಂದು ನಾಬಿನ ಕೆಳಗೆ ಒಂದೊಂದು ಚಿತ್ರ ಮಾತ್ರ ಇತ್ತು: ಚಂದ್ರ, ಬಸವನಹುಳು, ಏಣಿ, ಕಣ್ಣು. ಇದಲ್ಲದೆ ಇನ್ನೊಂದು ವಿಶೇಷ ನನ್ನ ಕಣ್ಣಿಗೆ ಬಿತ್ತು. ಚಂದ್ರ, ಬಸವನಹುಳು, ಏಣಿ, ಈ ಮೂರರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ, ಹೊಳೆಯುವ ಕೆಂಪು ಚುಕ್ಕೆಗಳಿದ್ದವು. ಕಣ್ಣಿಗೆ ಇರಲಿಲ್ಲ. ನನ್ನೊಳಗಿನ ಅರ್ಥಶಾಸ್ತ್ರಜ್ಞ ಎದ್ದು ಕೂತ. ಕೆಂಪು ಚುಕ್ಕೆ ಎಂದರೆ ತಯಾರಕ ಗುರುತು ಮಾಡಿದ ಸರಿಯಾದ ಸ್ಥಾನ, ಅಲ್ಲಿಂದ ಕದಲಿಸಬಾರದು. ಚುಕ್ಕೆ ಇಲ್ಲದ ಕಣ್ಣನ್ನು ಮಾತ್ರ ವಾದಕ ತನ್ನ ಮನೋಧರ್ಮಕ್ಕೆ ತಕ್ಕಂತೆ ತಿರುಗಿಸಬಹುದು. ಅದು ಭಾವದ ನಾಬು. ಇಷ್ಟಾದ ಮೇಲೆ ಉಳಿದದ್ದೆಲ್ಲ ತಾನಾಗಿ ಜೋಡಣೆಯಾಯಿತು. ಚಂದ್ರ ಎಂದರೆ ರಾತ್ರಿ, ತಂಪು, ಮಂದ್ರ. ಎಡಕ್ಕೆ ತಿರುಗಿಸಿದರೆ ಸ್ವರ ಕೆಳಗಿಳಿಯುತ್ತದೆ. ಆಪತ್ತು ಬಂದರೆ ಮಾತ್ರ ಅದನ್ನು ಮುಟ್ಟಬೇಕು.

ಅಷ್ಟರಲ್ಲಿ ಗೊಂಬೆ ನೋಡಲು ಜನ ಬರತೊಡಗಿದರು. ಬಂದವರೆಲ್ಲ ರಾಜರಾಣಿಯರನ್ನು ಬಿಟ್ಟು ದಿವಾನರನ್ನೇ ನೋಡಿದರು. ಪಕ್ಕದ ಮನೆಯ ವಿಶಾಲಾಕ್ಷಮ್ಮನವರು ಮೊದಲು ಬಂದರು. ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಬೆಳಗ್ಗೆ ಪಂಚಾಂಗ ನೋಡದೆ ಹಾಲಿನ ಪಾತ್ರೆಯನ್ನೂ ಹೊರಗಿಡದವರು. "ಈ ವರ್ಷ ರಾಕೆಟ್ ಥೀಮಾ ಶ್ರೀನಿವಾಸ್? ಚಂದ್ರ ಇದೆಯಲ್ಲ" ಎಂದರು. ನಾನು ವಿವರಿಸಿದೆ. ಅವರು ಕನ್ನಡಕ ಏರಿಸಿ, ಕೈಯಲ್ಲಿದ್ದ ಕೋಡುಬಳೆಯನ್ನು ಮುರಿಯುವುದನ್ನೇ ಮರೆತು ನೋಡಿ, "ಚಂದ್ರ ಅಂದ್ರೆ ವೃದ್ಧಿ ಕ್ಷಯ ಕಣ್ರೀ. ಬಲಕ್ಕೆ ಶುಕ್ಲಪಕ್ಷ, ಎಡಕ್ಕೆ ಕೃಷ್ಣಪಕ್ಷ. ಪೂರ್ತಿ ಎಡಕ್ಕೆ ಬಂದ್ರೆ ಅಮಾವಾಸ್ಯೆ, ಏನೂ ಇರಲ್ಲ" ಎಂದರು. ನಾನು ಮುಗುಳ್ನಕ್ಕೆ. ವಿದ್ಯಾರ್ಥಿಗಳು ತಪ್ಪು ಉತ್ತರ ಕೊಟ್ಟಾಗ ನಗುವ ನಗು ಅದು.

ಮಾರನೆಯ ದಿನ, ವಿಜಯದಶಮಿಯ ಕಚೇರಿಗೆ ಮೈಕ್ ಹಾಕಬೇಕಿದ್ದ ಕುಂಬಾರಕೊಪ್ಪಲಿನ ಶಿವಣ್ಣ ಬಂದ. "ಜನರೇಟರ್‌ದು ಚೇಂಜೋವರ್ ಸ್ವಿಚ್ಚು ಇದ್ದಂಗದೆ ಸಾ. ಎಂಗೆ ಕೆಲ್ಸ ಮಾಡ್ತದೆ?" ಎಂದು ಕೇಳಿದ. ಇನ್ನೂ ಮುಟ್ಟಿಲ್ಲ ಎಂದೆ. "ಮುಟ್ಟದೇ ಇರೋ ಐಟಮ್ಮ ಸ್ಟೇಜ್‌ಗೆ ತತ್ತೀರಾ? ಆಗ್ಲಿ ಬುಡಿ ಸಾ, ಧೈರ್ಯ ಮೆಚ್ಚಬೇಕು" ಎಂದ. ಅವನು ಮೆಚ್ಚಿದ್ದರಿಂದ ನನ್ನ ಎದೆ ಇನ್ನಷ್ಟು ಢವಗುಟ್ಟಿತು. ಅಮ್ಮನ ಪ್ರಕಾರ ಕಣ್ಣಿನ ನಾಬು ದೃಷ್ಟಿ ತೆಗೆಯಲಿಕ್ಕೆ ಇಟ್ಟದ್ದು. ವಸು ಮಾತ್ರ ಅಡಿಗೆಮನೆಯ ಬಾಗಿಲಲ್ಲಿ ನಿಂತು ಒಂದೇ ಸಲ ನೋಡಿ, "ಬಸವನಹುಳು ನಿಧಾನಕ್ಕೆ ಅಲ್ವಾ" ಎಂದು ಹೇಳಿ ಒಳಗೆ ಹೋದಳು. ಆಗಿನ ದಿನಗಳಲ್ಲಿ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ದನಿ ಉಳಿಸಿಕೊಳ್ಳುತ್ತಿದ್ದಾಳೆ ಎಂದು ಅಮ್ಮ ತಿಳಿದುಕೊಂಡಿದ್ದಳು. ಹೆದರಿದ್ದಾಳೆ ಎಂದು ನನಗೆ ಗೊತ್ತಿತ್ತು.

ತಡೆಯಲಾರದೆ ದೂರದಿಂದಲೇ ಒಂದು ಫೋಟೋ ತೆಗೆದು ತಯಾರಕನಿಗೆ ಕಳಿಸಿ, ಕೆಂಪು ಚುಕ್ಕೆಗಳ ಅರ್ಥ ಏನು, ಕೈಪಿಡಿ ಎಲ್ಲಿ ಎಂದು ಕೇಳಿದೆ. ಅವನು ಬೇಗನೆ ಉತ್ತರ ಬರೆದ. ತಾನು ಕೈಪಿಡಿ ಬರೆಯುವುದೇ ಇಲ್ಲ, ಮುಟ್ಟಿ ಮುಟ್ಟಿಯೇ ಕಲಿಯಬೇಕು ಎಂಬುದು ತನ್ನ ತತ್ವ. ಕೆಂಪು ಚುಕ್ಕೆಗಳನ್ನು ತಾನು ಇಟ್ಟಿಲ್ಲ, ಬಹುಶಃ ನಿಮ್ಮ ಕಸ್ಟಮ್ಸ್‌ನವರು ಇಟ್ಟಿರಬಹುದು. ಹಿಂದೆ ಕಾಣುವ ಆ ಮರದ ಮಹಾರಾಜ ಮಾರಾಟಕ್ಕಿದ್ದರೆ ದಯವಿಟ್ಟು ತಿಳಿಸಿ. ಇಷ್ಟು ಓದಿದ ಮೇಲೆ ಬೇರೆ ಯಾರಾದರೂ ಆಗಿದ್ದರೆ ಅವರಿಗೆ ಅನುಮಾನ ಬರುತ್ತಿತ್ತು. ನಾನು ಮಾತ್ರ ಸಿದ್ಧಾಂತವನ್ನು ಸ್ವಲ್ಪ ತಿದ್ದಿಕೊಂಡೆ. ಕಸ್ಟಮ್ಸ್‌ನವರು ಈ ಮೂರು ನಾಬುಗಳನ್ನು ಪರೀಕ್ಷೆ ಮಾಡಿ ಗುರುತು ಹಾಕಿದ್ದಾರೆ ಎಂದ ಮೇಲೆ ಅವು ಮುಖ್ಯವಾದವೇ ಸರಿ.

ವಸು ದಿನವೂ ಹಿತ್ತಿಲ ಕೋಣೆಯಲ್ಲಿ ಸಾಧನೆಗೆ ಕೂರುತ್ತಿದ್ದಳು. ಶ್ರುತಿಪೆಟ್ಟಿಗೆಯೂ ಪೂಜೆಯಲ್ಲಿದ್ದದ್ದರಿಂದ ಬರಿ ದನಿಯಲ್ಲೇ ಹಾಡಬೇಕಿತ್ತು. ಕಲ್ಯಾಣಿ ರಾಗ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುವಳು. ಮೇಲಿನ ನಿಷಾದದ ಹತ್ತಿರ ನಿಲ್ಲುವಳು. ಮುಂದಿನದು ಷಡ್ಜ. ಅಲ್ಲಿ ದನಿ ಒಂದು ಕ್ಷಣ ಮುಂದಕ್ಕೆ ಬಾಗಿ, ಹಿಂದಕ್ಕೆ ಬಂದುಬಿಡುವುದು. ನಾನು ನಡುಮನೆಯಲ್ಲಿ ಉಸಿರು ಬಿಗಿಹಿಡಿದು ಏಣಿಯ ಚಿತ್ರವನ್ನೇ ದಿಟ್ಟಿಸುತ್ತಿದ್ದೆ. ಆ ಮೇಲಿನ ಸ್ವರಕ್ಕೆ ಅವಳನ್ನು ಹತ್ತಿಸುವ ಒಂದು ಗುಂಡಿ ಆ ತಗಡಿನ ಮೇಲೆ ಎಲ್ಲೋ ಇದೆ ಎಂದು ನಾನು ನಿಜವಾಗಿಯೂ ನಂಬಿದ್ದೆ. ಅಷ್ಟು ನಂಬಿಕೆಯನ್ನು ನಾನು ದೇವರ ಮೇಲೂ ಇಟ್ಟವನಲ್ಲ.

ವಿಜಯದಶಮಿ ಬಂತು. ಅಮ್ಮ ಬೆಳಗ್ಗೆಯೇ ವಿಸರ್ಜನೆ ಮಾಡಿ ಕೊಟ್ಟುಬಿಡುತ್ತಾಳೆ ಎಂದುಕೊಂಡಿದ್ದೆ. ವಿಶಾಲಾಕ್ಷಮ್ಮನವರ ಪಂಚಾಂಗದಲ್ಲಿ ವಿಸರ್ಜನೆಗೆ ಬೇಕಾದ ಶ್ರವಣ ನಕ್ಷತ್ರ ಮಧ್ಯಾಹ್ನದ ಮೇಲೆ ಬರುತ್ತಿತ್ತು. ಅಮ್ಮ ಸಾವಕಾಶವಾಗಿ ಮಂಗಳಾರತಿ ಮಾಡಿ, ರಾಣಿಯ ಕೈಯಿಂದ ಜಾರಿದ್ದ ಹೂವನ್ನು ಸರಿಮಾಡಿ, "ಈಗ ತಗೋ" ಎಂದಳು. ನಾನು ಮಾಡ್ಯೂಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಸೇವಂತಿಗೆಯ ಎಸಳು ಅಂಟಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕೆಂಪಾಯಿತು. ಮೂರು ಚುಕ್ಕೆಗಳೂ ಮಾಯ.

"ಅಯ್ಯೋ, ಕುಂಕುಮ ಅಳಿಸಿಬಿಟ್ಯಾ?" ಎಂದಳು ಅಮ್ಮ. "ತುಪ್ಪದಲ್ಲಿ ಕಲಸಿ ಊದುಬತ್ತಿ ಕಡ್ಡೀಲಿ ಇಟ್ಟಿದ್ದೆ. ಬೆರಳು ಹಿಡಿಸ್ತಿರಲಿಲ್ಲ."

"ಇದು ಕುಂಕುಮಾನಾ? ಮತ್ತೆ ಇದಕ್ಕೆ ಯಾಕೆ ಇಡಲಿಲ್ಲ?"

"ಕಣ್ಣಿಗೆ ಯಾರಾದ್ರೂ ಕುಂಕುಮ ಇಡ್ತಾರೇನೋ? ಉರಿಯಲ್ವಾ?"

ವಸು ತನ್ನ ಹಳೆಯ ಶ್ರುತಿಪೆಟ್ಟಿಗೆಯನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಅದೇಕೆ ಎಂದು ಕೇಳಿದೆ. "ಪೂಜೆ ಮಾಡಿದ್ದಲ್ವಾ, ಜೊತೆಗಿರ್ಲಿ" ಎಂದಳು.

ಮಾಡ್ಯೂಲನ್ನು ಪೆಟ್ಟಿಗೆಗೆ ಸ್ಕ್ರೂ ಹಾಕಿ ಭಜನಾ ಮಂದಿರಕ್ಕೆ ಓಡಿದೆವು. ಅಲ್ಲಿ ಶಿವಣ್ಣನೇ ಇರಲಿಲ್ಲ. ಮೆರವಣಿಗೆಗಾಗಿ ರಸ್ತೆ ಮುಚ್ಚಿದ್ದರಿಂದ ಅವನ ವ್ಯಾನು ಊರು ಸುತ್ತಿಕೊಂಡು ಬರುತ್ತಿತ್ತು. ಅವನು ಬಂದು ಮೈಕು ಜೋಡಿಸುವ ಹೊತ್ತಿಗೆ ಮುಂದಿನ ಸಾಲುಗಳು ತುಂಬಿದ್ದವು. ಅಮ್ಮ ಮತ್ತು ವಿಶಾಲಾಕ್ಷಮ್ಮನವರು ಎದುರಿಗೇ ಕೂತಿದ್ದರು. ನಾನು ವಸುವಿನ ಹಿಂದೆ, ಸ್ವಲ್ಪ ಎಡಕ್ಕೆ, ಪೆಟ್ಟಿಗೆ ಬಿಚ್ಚಿಕೊಂಡು ಕೂತೆ. ಸ್ವಿಚ್ಚು ಹಾಕಿದಾಗ ಪುಟ್ಟ ದೀಪ ಹತ್ತಿತು. ಸ್ಪೀಕರಿನಿಂದ ಗಂಭೀರವಾದ, ಮೆತ್ತನೆಯ ನಾದ ಬಂತು. ವಸು ತಿರುಗಿ ನೋಡಿ ತಲೆದೂಗಿದಳು. ಆ ಕ್ಷಣ ನನಗಾದ ಸಂತೋಷವನ್ನು ಏನೆಂದು ಹೇಳಲಿ. ಅದು ಬಹಳ ಹೊತ್ತು ಇರಲಿಲ್ಲ.

ಅವಳು ಷಡ್ಜ ಹಿಡಿದಳು. ಹಿಡಿದ ಹಾಗೇ ನನ್ನ ನಾದ ಸದ್ದಿಲ್ಲದೆ ಮೇಲಕ್ಕೆ ಜಾರತೊಡಗಿತು. ಯಂತ್ರ ಬಿಸಿಯಾಗುತ್ತಾ ಸ್ವರ ಏರುತ್ತದೆ ಎಂದು ನಾನು ಓದಿದ್ದೆ, ಎದುರಿಸಿರಲಿಲ್ಲ. ಅವಳ ದನಿ ಅದರ ಹಿಂದೆಯೇ ಏರಿತು, ತೊಡರಿತು, ಕೆಮ್ಮು ಬಂತು. ಅವಳ ಕೈ ಗಂಟಲಿಗೆ ಹೋಯಿತು. ಬಸವನಹುಳುವನ್ನು ತಿರುಗಿಸಿದೆ, ನಾದ ಗಡಗಡ ನಡುಗಿತು. ಏಣಿ ತಿರುಗಿಸಿದೆ, ಇನ್ನೂ ಎರಡು ಮೆಟ್ಟಿಲು ಮೇಲೆ ಹಾರಿತು. ಮೃದಂಗದವರು ಕೈಕಟ್ಟಿ ಕೂತರು. ಶಿವಣ್ಣ ದೂರದಿಂದ "ಸಾ, ಎಂಗಾರ ಮಾಡಿ ನಿಲ್ಸಿ" ಎಂದು ಸನ್ನೆ ಮಾಡಿದ. ವಸು ಚೀಲಕ್ಕೆ ಕೈಹಾಕಿ ಏನೋ ತೆಗೆದು, ಮೈಕಿನ ಬುಡದಲ್ಲಿ ಮಡಿಸಿಟ್ಟಿದ್ದ ಶಾಲಿನ ಕೆಳಗೆ ಇಟ್ಟುಕೊಂಡಳು. ಲವಂಗದ ಡಬ್ಬಿ ಇರಬೇಕು ಎಂದುಕೊಂಡೆ. ನನಗೆ ಉಳಿದದ್ದು ಆಪತ್ಕಾಲದ ಚಂದ್ರ ಮಾತ್ರ. ಕಣ್ಣು ಮುಚ್ಚಿ ಅದನ್ನು ಎಡಕ್ಕೆ, ಕೊನೆಯವರೆಗೆ ತಿರುಗಿಸಿದೆ.

ನಡುಕ ನಿಂತುಹೋಯಿತು. ಜಾರುವುದೂ ನಿಂತಿತು. ನಾಲ್ಕೂವರೆ ಶ್ರುತಿ, ಕದಲದೆ, ದೇವರ ಮನೆಯ ದೀಪದ ಹಾಗೆ ನಿಂತಿತು. ಸಿದ್ಧಾಂತವೊಂದು ನಿಜವಾಗುವುದನ್ನು ನಾನು ಜೀವನದಲ್ಲಿ ಮೊದಲ ಸಲ ನೋಡಿದೆ. ಪಿಟೀಲಿನವರು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದವರು, ವಸುವಿನ ಮುಖ ನೋಡಿ ಮುಚ್ಚಿಕೊಂಡರು. ಅಭಿನಂದನೆ ಇರಬಹುದು, ಆಮೇಲೆ ಸ್ವೀಕರಿಸಿದರಾಯಿತು ಎಂದುಕೊಂಡೆ.

ಕಚೇರಿ ಸಾಗಿತು. ಚಂದ್ರನನ್ನು ಮತ್ತೆ ಮುಟ್ಟಲಿಲ್ಲ. ಭಾವದ ನಾಬು ಮಾತ್ರ ನನ್ನ ಕೈಯಲ್ಲಿತ್ತು. ಕುಂಕುಮದ ಸಿದ್ಧಾಂತ ಬಿದ್ದುಹೋಗಿದ್ದರೂ ಕಣ್ಣಿನ ಮೇಲಿನ ನಂಬಿಕೆ ಹೋಗಿರಲಿಲ್ಲ. ಅವಳು ಆಲಾಪನೆಯಲ್ಲಿ ಇಳಿದಾಗ ಎಡಕ್ಕೆ, ಏರಿದಾಗ ಬಲಕ್ಕೆ, ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ಎಡಕ್ಕೆ ತಿರುಗಿಸಿದರೆ ಶ್ರುತಿಗೆ ಕರುಣೆ ಬರುತ್ತಿತ್ತು, ಬಲಕ್ಕೆ ತಿರುಗಿಸಿದರೆ ತೇಜಸ್ಸು. ಅದು ನನ್ನ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಪ್ರಮಾಣ ಮಾಡಿ ಹೇಳಬಲ್ಲೆ. ವಸು ಆಗಾಗ ಅರ್ಧ ತಿರುಗಿ ನನ್ನನ್ನು ನೋಡುತ್ತಿದ್ದಳು. ಕಲ್ಯಾಣಿ ಬಂತು. ಮೆಟ್ಟಿಲು ಮೆಟ್ಟಿಲಾಗಿ ಏರಿದಳು. ನಿಷಾದದಲ್ಲಿ ನಿಂತಳು. ಇಡೀ ಮಂದಿರ ನಿಂತಿತು. ನಾನು ಉಸಿರು ಕಟ್ಟಿ ಕಣ್ಣನ್ನು ಬಲಕ್ಕೆ, ಬಲಕ್ಕೆ ತಿರುಗಿಸಿದೆ. ಅವಳು ಒಮ್ಮೆ ನನ್ನ ಕಡೆ ನೋಡಿ, ತುಟಿ ಕಚ್ಚಿಕೊಂಡು, ಮುಂದಕ್ಕೆ ತಿರುಗಿ ಮೇಲಿನ ಷಡ್ಜದಲ್ಲಿ ಹೋಗಿ ನಿಂತಳು. ಹಳೆಯ ದನಿಯಲ್ಲ ಅದು. ಸ್ವಲ್ಪ ದಪ್ಪ, ಸ್ವಲ್ಪ ಒರಟು, ಆದರೆ ಅವಳದೇ ದನಿ. ನನ್ನ ಕಣ್ಣು ಒದ್ದೆಯಾಯಿತು. ನನ್ನ ಪಾತ್ರವೂ ಅದರಲ್ಲಿತ್ತು ಎಂದು ಇನ್ನಷ್ಟು ಒದ್ದೆಯಾಯಿತು.

ಮುಗಿದ ಮೇಲೆ ಜನ ವೇದಿಕೆಯ ಬಳಿ ಬಂದರು. ಅಮ್ಮ ನನ್ನ ತೋಳು ಹಿಡಿದು, "ಅವಳು ಮೇಲಕ್ಕೆ ಹೋದಾಗೆಲ್ಲ ನಿನ್ನ ಪೆಟ್ಟಿಗೇಲಿ ದೀಪ ದೊಡ್ಡದಾಗಿ ಉರೀತಿತ್ತು ಕಣೋ, ಮಂಗಳಾರತಿ ನೋಡಿದ ಹಾಗಾಯ್ತು" ಎಂದಳು. ದೀಪವೇ, ಎಂದು ನಾನು ಕಣ್ಣಿನ ನಾಬನ್ನು ತಿರುಗಿಸಿದೆ. ಪುಟ್ಟ ದೀಪ ದೊಡ್ಡದಾಯಿತು. ಹಿಂದಕ್ಕೆ ತಿರುಗಿಸಿದೆ, ಸಣ್ಣದಾಯಿತು. ಅದು ಬೇರೇನನ್ನೂ ಮಾಡಲಿಲ್ಲ. ಅಷ್ಟರಲ್ಲಿ ವಿಶಾಲಾಕ್ಷಮ್ಮನವರು ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಇದೇನ್ರೀ, ಚಂದ್ರನ್ನ ಅಮಾವಾಸ್ಯೆಗೆ ಇಟ್ಟುಕೊಂಡು ಕೂತಿದ್ದೀರಲ್ಲ."

ನಾನು ಚಂದ್ರನನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿದೆ. ಬಿದಿಗೆ, ಪಂಚಮಿ, ಅಷ್ಟಮಿ ದಾಟುವಷ್ಟರಲ್ಲಿ ಸ್ಪೀಕರಿನಿಂದ ಮಿಕ್ಸಿ ಸಿಕ್ಕಿಹಾಕಿಕೊಂಡ ಶಬ್ದ ಹೊರಟು, ಮುಂದಿನ ಸಾಲಿನಲ್ಲಿ ಕೋಸಂಬರಿ ತಿನ್ನುತ್ತಿದ್ದವರೆಲ್ಲ ತಲೆ ಎತ್ತಿದರು. ತಟ್ಟನೆ ಅಮಾವಾಸ್ಯೆಗೆ ಹಿಂತಿರುಗಿದೆ. ಆಗ ಮೈಕಿನ ಬುಡದ ಶಾಲಿನ ಕೆಳಗಿನಿಂದ ಆ ದನಿ ಇನ್ನೂ ಬರುತ್ತಿರುವುದು ಕೇಳಿಸಿತು. ನಾಲ್ಕೂವರೆ ಶ್ರುತಿ, ಕದಲದ ದನಿ. ನಾನು ಇಡೀ ಸಂಜೆ ಕರುಣೆ ಮತ್ತು ತೇಜಸ್ಸು ಕೇಳಿದ ದನಿ. ವಸು ಶಾಲು ಸರಿಸಿ, ಹಳೆಯ ಶ್ರುತಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು.

ಮನೆಗೆ ನಡೆದು ಬರುವಾಗ, "ಹೇಳಬಹುದಿತ್ತಲ್ಲ ವಸು" ಎಂದೆ.

"ಹೇಗ್ರೀ ಹೇಳ್ಲಿ? ನೀವು ಕಣ್ಣು ಮುಚ್ಚಿಕೊಂಡು ಅಷ್ಟು ಭಕ್ತಿಯಿಂದ ತಿರುಗಿಸ್ತಾ ಇದ್ರಿ. ಮೊದಲು ಅಳು ಬರೋ ಹಾಗಿತ್ತು ನನಗೆ. ಆಮೇಲೆ ಹೆದರಿಕೆ ಆದಾಗೆಲ್ಲ ತಿರುಗಿ ನಿಮ್ಮನ್ನ ನೋಡ್ತಿದ್ದೆ. ನಗು ಒತ್ತಿಕೊಂಡು ಒತ್ತಿಕೊಂಡು ಹೆದರಿಕೆ ಎಲ್ಲಿ ಹೋಯ್ತೋ ಗೊತ್ತಾಗ್ಲಿಲ್ಲ. ಷಡ್ಜ ಬಂದುಬಿಡ್ತು" ಎಂದಳು. ಹೇಳುತ್ತಾ ಹೇಳುತ್ತಾ ರಸ್ತೆಯಲ್ಲೇ ನಿಂತು ನಕ್ಕಳು. ಆ ನಗುವಿಗಾಗಿ ನಾನು ಯಾವ ನಾಬನ್ನು ಬೇಕಾದರೂ ತಿರುಗಿಸಿಯೇನು.

ಮುಂದಿನ ತಿಂಗಳು ಕುಂಬಾರಕೊಪ್ಪಲಿನಲ್ಲಿ ಅವಳ ಇನ್ನೊಂದು ಕಚೇರಿ ಇದೆ, ಶಿವಣ್ಣನದೇ ಏರ್ಪಾಡು. ನಿಮ್ಮ ಪೆಟ್ಟಿಗೆ ತಂದು ಹೋದ ಸಲದ ಹಾಗೇ ನನ್ನ ಹಿಂದೆ ಕೂರಬೇಕು ಎಂದು ವಸು ಕಟ್ಟುನಿಟ್ಟಾಗಿ ಹೇಳಿದ್ದಾಳೆ. ನಾನು ಸಿದ್ಧತೆ ನಡೆಸಿದ್ದೇನೆ. ಮೊನ್ನೆ ಅಮ್ಮನಿಂದ ಒಂದು ಚಿಟಿಕೆ ಕುಂಕುಮ ಕೇಳಿ ತೆಗೆದುಕೊಂಡು, ತುಪ್ಪದಲ್ಲಿ ಕಲಸಿ, ಊದುಬತ್ತಿ ಕಡ್ಡಿಯ ತುದಿಯಿಂದ ಚಂದ್ರನ ಎಡಗಡೆಯ ಕೊನೆಯಲ್ಲಿ ಒಂದು ಚುಕ್ಕೆ ಇಟ್ಟೆ. ಅದು ನನ್ನ ಸರಿಯಾದ ಸ್ಥಾನ, ಅಲ್ಲಿಂದ ಕದಲಿಸಬಾರದು.